ಮೂಗಿಲ್ಲದವರ ಛತ್ರ

ನಮ್ಮ ಬೀದಿಯ ಛತ್ರಕ್ಕೆ ಮೊದಲ ಸಲ ಬಂದವರು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಮೂಗನ್ನು ಸ್ವಲ್ಪ ಮೇಲೆತ್ತುತ್ತಾರೆ. ಮರ್ಯಾದೆ ಇದ್ದವರು ಏನೂ ಹೇಳದೆ ಒಳಗೆ ಬಂದು ಕೂರುತ್ತಾರೆ. ಮರ್ಯಾದೆ ಕಡಿಮೆ ಇದ್ದವರು, “ಇದೇನಮ್ಮಾ ವಾಸನೆ?” ಎಂದು ಕೇಳಿಯೇಬಿಡುತ್ತಾರೆ. “ಯಾವ ವಾಸನೆ?” ಎಂದು ನಾನು ಕೇಳುತ್ತೇನೆ. ಸುಳ್ಳು ಹೇಳುತ್ತಿಲ್ಲ. ನನಗೆ ನಿಜವಾಗಿಯೂ ಗೊತ್ತಾಗುವುದಿಲ್ಲ.

ಆ ಛತ್ರ ಮೊದಲು ಫಿಲೇಚರ್ ಆಗಿತ್ತು. ರೇಷ್ಮೆ ಗೂಡನ್ನು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಗೆ ಹಾಗೆನ್ನುತ್ತಾರೆ. ಕೊಳ್ಳೇಗಾಲದಲ್ಲಿ ರೇಷ್ಮೆ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಸೀರೆ ಉಡುವವರಿಗೆ ಗೊತ್ತಿರುವ ರೇಷ್ಮೆ ಬೇರೆ, ನಮಗೆ ಗೊತ್ತಿರುವ ರೇಷ್ಮೆ ಬೇರೆ. ಗೂಡಿನ ನೂಲೆಲ್ಲ ಬಿಚ್ಚಿಹೋದ ಮೇಲೆ ಒಳಗಿನ ಹುಳ ಬೆಂದು ಬೆತ್ತಲೆಯಾಗಿ ನೀರಿನ ತಳಕ್ಕೆ ಬೀಳುತ್ತದೆ. ಅಂಥವು ದಿನಕ್ಕೆ ಮಂಕರಿ ಮಂಕರಿ. ಅವುಗಳ ಎಣ್ಣೆ ನೀರಿಗೆ ಇಳಿಯಿತು, ನೀರು ಮೋರಿಗೆ ಹೋಯಿತು, ಮೋರಿಯಿಂದ ನೆಲ ಕುಡಿಯಿತು, ನೆಲದಿಂದ ಗೋಡೆ ಕುಡಿಯಿತು. ಗೋಡೆಯ ಪಕ್ಕದಲ್ಲಿ ಕೂತಿದ್ದ ನಾವೂ ಕುಡಿದೆವು ಅಂತ ಕಾಣುತ್ತದೆ.

ನಾನು ಅಲ್ಲಿ ಹನ್ನೆರಡು ವರ್ಷ ಕೂತಿದ್ದೆ. ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರುವ ಮುಂಚೆಯೇ ಕೆಲಸಕ್ಕೆ ಸೇರಿಕೊಂಡವಳು. ಬಾಗಿಲ ಮೇಲಿನ ಬೋರ್ಡು ಆಗ ತಮಿಳಿನಲ್ಲಿತ್ತು. ಕನ್ನಡದ ಬೋರ್ಡು ಬರೆಸಬೇಕು ಎಂದು ಗಂಡಸರು ತಿಂಗಳುಗಟ್ಟಲೆ ವಾದ ಮಾಡಿದರು. ಒಳಗೆ ಕೆಲಸ ಮಾಡುತ್ತಿದ್ದ ನಮಗೆ ಅದೂ ಓದಲು ಬರುತ್ತಿರಲಿಲ್ಲ, ಇದೂ ಬರುತ್ತಿರಲಿಲ್ಲ. ಸುಡುನೀರಿನ ತಟ್ಟೆಯಲ್ಲಿ ಕೈಯಿಟ್ಟು, ಗೂಡಿನ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಸೇರಿಸಿ ರಾಟೆಗೆ ಕೊಡುವುದು ನಮ್ಮ ಕೆಲಸ. ಮೊದಲ ವರ್ಷ ಬೆರಳಲ್ಲಿ ಬೊಬ್ಬೆ ಎದ್ದವು. ಎರಡನೆಯ ವರ್ಷ ಚರ್ಮ ಸುಲಿಯಿತು. ಮೂರನೆಯ ವರ್ಷದಿಂದ ಬೆರಳಿಗೆ ಬಿಸಿಯೇ ತಿಳಿಯಲಿಲ್ಲ. ನಮ್ಮ ಬೀದಿಯ ಯಾವ ಮನೆಯಲ್ಲೂ ಒಲೆಯ ಮೇಲಿನ ಪಾತ್ರೆ ಇಳಿಸಲು ಹೆಂಗಸರು ಬಟ್ಟೆ ಹುಡುಕುತ್ತಿರಲಿಲ್ಲ. ನನ್ನ ಗಂಡ ಅನ್ನ ಆರಲಿ ಎಂದು ಎಲೆಯ ಮುಂದೆ ಊದುತ್ತಾ ಕೂತಿರುವಾಗ ನಾನು ಅರ್ಧ ಊಟ ಮುಗಿಸಿರುತ್ತಿದ್ದೆ. “ನಿಂಗೇನ್ ಕೈಯ್ಯೋ, ಇಕ್ಕಳವೋ?” ಎನ್ನುತ್ತಿದ್ದ.

ಆಮೇಲೆ ತಟ್ಟೆಗಳಿಗೆ ಸುಡುನೀರು ಕೊಡುತ್ತಿದ್ದ ಬಾಯ್ಲರ್ ಕೆಟ್ಟಿತು. ಸಾಹುಕಾರರು ರಿಪೇರಿ ಮಾಡಿಸದೆ ಒಂದು ಬಸ್ಸು ಕೊಂಡು ಹನೂರಿನ ಮೇಲೆ ಬೆಟ್ಟಕ್ಕೆ ಓಡಿಸತೊಡಗಿದರು. ಬಸ್ಸಿಗೆ ಗೂಡು ಬೇಡ, ಹೆಂಗಸರು ಬೇಡ, ವಾಸನೆ ಇಲ್ಲ. ನಾವು ಮನೆಮನೆಯ ಹಿತ್ತಲ ಚರಕಗಳಿಗೆ ಹಂಚಿಹೋದೆವು. ಚರಕವೆಂದರೆ ಒಲೆ, ಒಂದು ಹಂಡೆ ನೀರು, ಒಬ್ಬರು ತಿರುಗಿಸುವ ಚಕ್ರ. ಫಿಲೇಚರ್ ಬರುವ ಮುಂಚಿನಿಂದಲೂ ನೂಲು ಬಿಚ್ಚುತ್ತಿದ್ದ ರೀತಿ. ಕಾರ್ಖಾನೆಯ ಬಾಗಿಲಿಗೆ ಬೀಗ ಬಿತ್ತು. ಒಳಗೆ ಬಾವಲಿಗಳು ಸೇರಿಕೊಂಡವು.

ಅದನ್ನು ನಮಗೆ ಕೊಡಿ ಎಂದು ಕೇಳುವ ಯೋಚನೆ ಬಂದದ್ದು ಒಂದು ನಾಮಕರಣದ ದಿನ. ನಮ್ಮ ಬೀದಿಯ ಮನೆಗಳೆಂದರೆ ಒಂದೊಂದು ಅಂಕಣ. ಮಗು ಹುಟ್ಟಿದರೂ ಮದುವೆಯಾದರೂ ಯಾರಾದರೂ ಸತ್ತರೂ ಎಲೆ ಹಾಕುವುದು ಬೀದಿಯಲ್ಲೇ. ಅವತ್ತು ಪಾಯಸ ಬಡಿಸುವ ಹೊತ್ತಿಗೆ ಗೂಡು ತುಂಬಿದ ಗಾಡಿಯೊಂದು ಬಂತು. ಹಿಂದೆ ಹೋಗಲು ಎತ್ತು ಒಪ್ಪಲಿಲ್ಲ. ಉಣ್ಣುತ್ತಿದ್ದ ನಲವತ್ತು ಜನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೋಡೆಗೆ ಅಂಟಿ ನಿಂತರು. ಗಾಡಿ ಹೋದಮೇಲೆ ಮತ್ತೆ ಕೂತರು. ಯಾರ ಪಾಯಸ ಯಾರ ಮೈಮೇಲಿತ್ತೋ. ಎಲೆ ಎತ್ತಿಕೊಂಡು ನಿಂತಾಗ ನನ್ನ ಎದುರಿಗೆ ಕಂಡದ್ದು ಫಿಲೇಚರಿನ ಉದ್ದನೆಯ ಗೋಡೆ. ಅಷ್ಟು ದೊಡ್ಡ ಸೂರಿನ ಕೆಳಗೆ ಬಾವಲಿಗಳು ಆರಾಮವಾಗಿ ತಲೆಕೆಳಗಾಗಿ ಮಲಗಿವೆ, ನಾವು ಎತ್ತಿಗೆ ದಾರಿ ಬಿಡುತ್ತಿದ್ದೇವೆ ಅನ್ನಿಸಿತು.

ಮರುದಿನ ನಾನು, ಇನ್ನು ಮೂವರು ಹೆಂಗಸರು, ಜೊತೆಗೆ ನಮ್ಮ ಹಳೇ ಮೇಸ್ತ್ರಿ ಸಾಹುಕಾರರ ಮನೆಗೆ ಹೋದೆವು. ಮೇಸ್ತ್ರಿ ಕಾರ್ಖಾನೆಯಲ್ಲಿದ್ದಾಗ ನಮ್ಮ ಮೇಲೆ ಕೂಗಾಡುತ್ತಿದ್ದವನು. ಕೂಗಾಡಲು ಜಾಗವಿಲ್ಲದೆ ಒಣಗಿಹೋಗಿದ್ದ. ಕರೆದ ತಕ್ಷಣ ಬಂದ.

ಸಾಹುಕಾರರು ಕೆಟ್ಟವರಲ್ಲ. ಕಾರ್ಖಾನೆ ನಡೆಯುವಾಗ ದಿನಕ್ಕೊಂದು ಸಲ ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಈ ಬಾಗಿಲಿನಿಂದ ಹೊಕ್ಕು ಆ ಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಅವರಿಗೆ ಮೀಸೆ ಇದೆ ಎಂದು ನಮಗೆ ಗೊತ್ತಾದದ್ದು ಕಾರ್ಖಾನೆ ಮುಚ್ಚಿದ ಮೇಲೆ.

“ಬೆಲ್ಲದ ಮಂಡಿಯೋರು ಗೋದಾಮಿಗೆ ಕೇಳವ್ರೆ. ಸಂಕ್ರಾಂತಿ ಕಳುದ್ರೆ ಬೀಗ ಅವರ ಕೈಗೆ,” ಎಂದರು. “ಬೆಲ್ಲಕ್ಕೆ ಮೂಗಿಲ್ಲ, ಅದು ಇರ್ತದೆ. ನೀವು ಅಲ್ಲಿ ಜನ ಕರ್ದು ಎಲೆ ಹಾಕ್ತೀವಿ ಅಂತೀರಾ. ಯಾರು ಬಂದು ಉಣ್ತಾರೆ?”

“ನಾವು ಉಣ್ತೀವಿ ಸಾ,” ಎಂದೆ.

“ನೀವು ಉಣ್ತೀರಿ. ನೀವು ಹನ್ನೆರಡು ವರ್ಷ ಅಲ್ಲೇ ಬುತ್ತಿ ಬಿಚ್ಚಿದೋರು. ಹೊರಗಿನ ಬೀಗರು?”

“ತೊಳುದ್ರ ಓಯ್ತದೆ ಸಾ.”

“ಹೋಗ್ತದೆ ಅಂತ ಯಾರು ಹೇಳೋರು? ನೀವಾ?” ಸಾಹುಕಾರರು ನಕ್ಕರು. ನಕ್ಕಾಗ ಒಳಮನೆಯ ಕಡೆ ಒಮ್ಮೆ ನೋಡಿದರು. “ಸರಿ, ಒಂದು ಮಾತು. ಸಂಕ್ರಾಂತಿ ಒಳಗೆ ನಮ್ಮವ್ವ ಅಲ್ಲಿಗೆ ಬಂದು, ಒಂದೆಲೆ ಊಟ ಪೂರ್ತಿ ಮಾಡಿ ಏಳ್ಲಿ. ಬೀಗ ನಿಮ್ಮದು. ಬೆಲ್ಲದೋರಿಗೆ ನಾನೇ ಹೇಳ್ಕೋತೀನಿ.”

ಕಲ್ಲಿನ ಬಸವ ಎದ್ದು ನಡೆದರೆ ಕೊಡುತ್ತೇನೆ ಎನ್ನುವ ಧಾಟಿ ಅದು. ದಾರಿಯಲ್ಲಿ ಮೇಸ್ತ್ರಿ, “ಬೆಲ್ಲದೋರ್ಗೆ ಕೊಟ್ಟೆ ಅನ್ನೋದ್ನೇ ಇಷ್ಟುದ್ದ ಯೋಳುದ್ರು, ಅಷ್ಟೇಯ,” ಎಂದ.

ಸಾಹುಕಾರರ ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಯಳಂದೂರಿನ ಹತ್ತಿರದ ಅಗರದ ಕಡೆಯವರು. ಅಲ್ಲಿ ದೊಡ್ಡ ಒಕ್ಕಲು ಮನೆ, ಗದ್ದೆ ಹೊಲ ಇತ್ತು ಎಂದು ಜನ ಹೇಳುತ್ತಿದ್ದರು. ಅವರು ಹೌದು ಎಂದಿರಲಿಲ್ಲ, ಅಲ್ಲ ಎಂದೂ ಇರಲಿಲ್ಲ. ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ. ಮಗನ ಕಾರ್ಖಾನೆಗೆ ಒಂದು ದಿನವೂ ಕಾಲಿಟ್ಟವರಲ್ಲ. ಹುಳ ಬೇಯಿಸುವ ಜಾಗ, ಪಾಪ ಎನ್ನುತ್ತಿದ್ದರಂತೆ. ಆ ಪಾಪದಿಂದ ಮನೆಗೆ ಮಹಡಿ ಬಂತು, ಅದರ ಮೇಲೆ ಕೂತರು. ಪೂಜೆಗೆ ಉಡುತ್ತಿದ್ದ ಸೀರೆಯೂ ರೇಷ್ಮೆಯದೇ. ನಾನು ಬೇರೆಯವರ ಭಕ್ತಿಯ ತಂಟೆಗೆ ಹೋಗುವವಳಲ್ಲ, ಕಂಡದ್ದು ಹೇಳಿದೆ. ಮಗ ಕಾರ್ಖಾನೆಯಿಂದ ಬಂದರೆ ಹಿತ್ತಲಲ್ಲಿ ಎರಡು ಕೊಡ ನೀರು ಸುರಿದ ಮೇಲೆಯೇ ಒಳಗೆ ಬಿಡುತ್ತಿದ್ದರು.

ಬೀದಿಯವರು ಬೇಡವೆಂದರೂ ನಾನು ಕರೆಯಲು ಹೋದೆ. ಕೇಳದೆ ಬಿಟ್ಟರೆ ಬೆಲ್ಲ ತಾನಾಗಿಯೇ ಬಂದು ಕೂರುತ್ತದೆ. ಹೋಗುವ ಮುಂಚೆ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡೆ. ದೊಡ್ಡವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಂಗಳದಲ್ಲೇ ನಿಂತು ವಿಷಯ ಹೇಳಿದೆ. ಮಗ ಹಾಕಿದ ಕರಾರನ್ನೂ ಮುಚ್ಚಿಡಲಿಲ್ಲ.

“ಯಾರು ಅಡುಗೆ ಮಾಡೋರು?”

“ನಾವೇ ಕಣ್ರವ್ವ. ನೂಲು ಬಿಚ್ತಿದ್ದೋರೇ.”

“ಕೈ ತೋರ್ಸು.”

ತೋರಿಸಿದೆ. ಹತ್ತಿರ ಬಾ ಎಂದರು. ಅಂಗೈ ನೋಡಲಿಲ್ಲ, ಬೆರಳ ತುದಿಗಳನ್ನು ನೋಡಿದರು. ಉಗುರಲ್ಲಿ ಕೊಳೆ ಹುಡುಕುತ್ತಿದ್ದಾರೆ ಅಂದುಕೊಂಡು, ಸೀಗೆಪುಡಿ ಹಾಕಿದ್ದು ಒಳ್ಳೆಯದಾಯಿತು ಎಂದು ಮನಸ್ಸಲ್ಲೇ ಬೀಗಿದೆ.

“ಊಂ,” ಎಂದರು. “ಸಂಕ್ರಾಂತಿಗ ಮೂರ್ ದಿನ ಇರಂಗ ಬತ್ತೀನಿ. ಉಣ್ತೀನಿ ಅಂತ ಯೋಳ್ನಿಲ್ಲ. ಬತ್ತೀನಿ.”

ಬೀಗದ ಕೈ ಆ ದಿನದವರೆಗೆ ಎರವಲು ಸಿಕ್ಕಿತು. ಫಿಲೇಚರಿನಲ್ಲಿ ಕೂತಿದ್ದ ನಾವು ಹದಿನೈದು ಹೆಂಗಸರು ಸೊಂಟಕ್ಕೆ ಸೆರಗು ಬಿಗಿದೆವು. ಬಾವಲಿ ಓಡಿಸಿದೆವು. ತಟ್ಟೆಗಳನ್ನೂ ಗೂಡು ಬೇಯಿಸುವ ಹಂಡೆಗಳನ್ನೂ ಕಿತ್ತು ಹಿಂದಕ್ಕೆ ಸಾಗಿಸಿದೆವು. ನಾವು ಸಾಲಾಗಿ ಕೂರುತ್ತಿದ್ದ ಕಲ್ಲಿನ ಕಟ್ಟೆಯನ್ನು ಉಜ್ಜಿ ಉಜ್ಜಿ ಅದರ ಬಣ್ಣ ಯಾವುದೆಂದು ಮೊದಲ ಸಲ ನೋಡಿದೆವು. ಎರಡು ಸುತ್ತು ಸುಣ್ಣ ಬಳಿದೆವು. ನಾಲ್ಕನೆಯ ದಿನ ಎಲ್ಲರೂ ನಡುವೆ ನಿಂತು ಮೂಗೆಳೆದು ನೋಡಿದೆವು.

“ಒಸಿಯೂ ಇಲ್ಲ,” ಎಂದಳು ಒಬ್ಬಳು.

“ಮಲ್ಲಿಗೆ ತ್ವಾಟ ಇದ್ದಂಗದೆ,” ಎಂದ ಮೇಸ್ತ್ರಿ.

ಅದೇ ಹೊತ್ತಿಗೆ ಯಳಂದೂರಿನ ಬಳೆಗಾರ್ತಿ ಬುಟ್ಟಿ ಹೊತ್ತು ಬೀದಿಗೆ ಬಂದಳು. ನೆರಳಿದೆ ಬಾ, ಇಲ್ಲೇ ಕೂತು ಬಳೆ ತೊಡಿಸು ಎಂದು ಕರೆದೆವು. ಹೊಸಲಿನ ತನಕ ಬಂದವಳು ಅಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಅಮ್ಮಣ್ಣಿ, ವಳಗ ಏನ್ ಸತ್ತದೆ?”

ಮೇಸ್ತ್ರಿ, “ನಿನ್ ಬುಟ್ಟೀಲೇ ಏನೋ ಸತ್ತಿರ್ಬೇಕು, ನೋಡ್ಕ,” ಎಂದ. ಅವಳು ಬೀದಿಯಲ್ಲೇ ಬಿಸಿಲಲ್ಲಿ ಕೂತು ಬಳೆ ತೊಡಿಸಿದಳು. ನಾವು ಕೈ ನೀಡಿಕೊಂಡು ಯೋಚಿಸಿದೆವು. ಬೆರಳು ಸತ್ತದ್ದು ನಮಗೆ ಗೊತ್ತಿತ್ತು. ಮೂಗು ಯಾವಾಗ ಸತ್ತಿತೋ ಯಾರೂ ಗಮನಿಸಿರಲಿಲ್ಲ. ಬೀದಿ ಪೂರ್ತಿ ಮೂಗಿಲ್ಲದವರೇ. ವಾಸನೆ ಹೋಯಿತೋ ಇಲ್ಲವೋ ಹೇಳಲು ಹೊರಗಿನಿಂದ ಒಂದು ಮೂಗು ತರಬೇಕಿತ್ತು.

ಮೂಗು ಎಂದರೆ ನನ್ನ ತಂಗಿಯದು. ಅವಳನ್ನು ಹನೂರಿಗೆ ಕೊಟ್ಟಿತ್ತು, ರಾಗಿ ಬೆಳೆಯುವ ಮನೆ. ಗೂಡನ್ನು ಕೈಯಲ್ಲಿ ಮುಟ್ಟಿದವಳಲ್ಲ. ನನ್ನ ಮನೆಗೆ ಬಂದಾಗಲೆಲ್ಲ ಸೆಕೆ ಎಂದು ಹೇಳಿ ಜಗಲಿಯಲ್ಲೇ ಮಲಗುತ್ತಿದ್ದಳು. ಹೇಳಿ ಕಳಿಸಿದೆ. ಸಾಹುಕಾರರ ಬಸ್ಸಲ್ಲೇ ಬಂದು ಇಳಿದಳು. ಒಳಗೆ ಕರೆದುಕೊಂಡು ಹೋಗಿ ನಡುವೆ ನಿಲ್ಲಿಸಿದೆ.

“ಮೂಸು.”

“ಅಕ್ಕಾ, ನಿಜ ಯೋಳ್ಲಾ? ಬೇಜಾರ್ ಮಾಡ್ಕಬ್ಯಾಡ.”

“ಬೇಜಾರ್ ಮಾಡ್ಕಳಕ ಕರುಸ್ನಿಲ್ಲ ನಿನ್ನ. ಯೋಳು.”

“ಹದ್ನಾರಾಣೆ ಅದೆ. ಒಂದ್ ಕಾಸೂ ಕಮ್ಮಿ ಇಲ್ಲ. ನಿನ್ ಮನೇಲೂ ಇದೇಯ. ನಿನ್ ಸೀರೇಲೂ ಇದೇಯ.”

“ಅಂಗಾರ ಹನ್ನೆರಡು ವರ್ಸ ಜಗಲೀಲಿ ಮಲ್ಗಿದ್ದು?”

“ಇನ್ನೇನು, ಪುಷ್ಯ ಮಾಸ್ದಲ್ಲಿ ಯಾವಳ್ಗಾರ ಸೆಕೆ ಆಯ್ತದಾ?”

ಉಳಿದ ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದು ಬೇರೆ ಲೆಕ್ಕ, ಆಮೇಲೆ ನೋಡಿಕೊಳ್ಳೋಣ ಎಂದು ಅವಳನ್ನು ನಾಲ್ಕು ದಿನ ಬಿಟ್ಟು ಮತ್ತೆ ಬರಲು ಹೇಳಿದೆ.

ಮೋರಿ ಅಗೆದೆವು. ಮೊಣಕಾಲುದ್ದ ಕಪ್ಪು ಕೆಸರು ಬಂತು, ವರ್ಷಗಟ್ಟಲೆಯ ಹುಳ. ಧನಗೆರೆಯ ರೈತನೊಬ್ಬ ಗಾಡಿ ತಂದು, ಗೊಬ್ಬರಕ್ಕೆ ಇದಕ್ಕಿಂತ ಬೇಕಾ ಎಂದು ಖುಷಿಯಾಗಿ ತುಂಬಿಕೊಂಡು ಹೋದ. ಆ ಸಲ ಧನಗೆರೆಯ ಬದನೆಕಾಯಿ ಒಳ್ಳೆ ದಪ್ಪ ಬಂದವು. ಊರಿನ ದೊಡ್ಡ ಮನೆಯವರೆಲ್ಲ ಹುಡುಕಿ ಹುಡುಕಿ ಕೊಂಡರು. ನಾವು ಸುಮ್ಮನಿದ್ದೆವು.

ತಂಗಿ ಬಂದಳು. “ಹತ್ತಾಣೆ,” ಎಂದಳು. ಊಟ ಮಾಡಿ ಹೋದಳು.

ನೆಲದ ಚಪ್ಪಡಿ ಎಬ್ಬಿಸಿ, ಕೆಳಗಿನ ಮಣ್ಣು ತೆಗೆದು ಕೆಂಪು ಮಣ್ಣು ತುಂಬಿ ಮತ್ತೆ ಚಪ್ಪಡಿ ಹಾಸಿದೆವು. ಗೋಡೆಯ ಗಾರೆ ಆಳೆತ್ತರದ ತನಕ ಕೆತ್ತಿದೆವು. ತಂಗಿ ಬಂದಳು. ಬಾಗಿಲಲ್ಲೇ, “ಇವತ್ತೇನ್ ಸಾರು?” ಎಂದು ಕೇಳಿದಳು.

“ಮೊದ್ಲು ಮೂಸವ್ವ, ಆಮೇಲ್ ಸಾರು,” ಎಂದ ಮೇಸ್ತ್ರಿ. “ಸಾರು ಉಂಡ ಮೂಗಿನ ಮಾತು ನಡಿಯಾಕಿಲ್ಲ.”

“ನಾಕಾಣೆ,” ಎಂದಳು ತಂಗಿ. “ಆ ಮೂಲೇಲಿ ಆರಾಣೆ. ಈಗ ಯೋಳಿ, ಏನ್ ಸಾರು?”

ಬೇವಿನ ಸೊಪ್ಪು ಸುಟ್ಟೆವು. ಸಗಣಿ ಸಾರಿಸಿದೆವು. ಹಗಲೆಲ್ಲ ಬಾಗಿಲು ಕಿಟಕಿ ತೆರೆದಿಟ್ಟೆವು. ಎರಡಾಣೆಗೆ ಬಂತು. ಆಮೇಲೆ ಒಂದಾಣೆಯಲ್ಲಿ ಎರಡು ಸಲ ನಿಂತುಬಿಟ್ಟಿತು. ಆ ಒಂದಾಣೆ ಗೋಡೆಯಲ್ಲಿತ್ತೋ ನಮ್ಮ ಅವರೆಕಾಳಿನ ಸಾರಲ್ಲಿತ್ತೋ ಎಂದು ನನಗೆ ಇವತ್ತಿಗೂ ಅನುಮಾನ. ಕೊನೆಗೆ ನಾನು, ಇನ್ನು ಊಟ ಇಲ್ಲ, ಬಂದು ಮೂಸಿ ಅದೇ ಬಸ್ಸಿಗೆ ವಾಪಸ್ ಹೋಗು ಎಂದೆ. ಅವತ್ತು ಬಂದು ಮೂಲೆಮೂಲೆ ಸುತ್ತಿ, “ಒಂದ್ ಕಾಸೂ ಇಲ್ಲ ಕಣಕ್ಕ, ನನ್ ಮಕ್ಳಾಣೆ,” ಎಂದಳು. ಅದು ಸುಳ್ಳಾಗಿರಲಿಲ್ಲ. ಬಳೆಗಾರ್ತಿಯೂ ಒಳಗೆ ಬಂದು ಕೂತು ಎಲೆ ಅಡಿಕೆ ಹಾಕಿಕೊಂಡು ಹೋದಳು.

ದೊಡ್ಡವ್ವ ಬರುವ ದಿನ ಬಂತು. ಹಿತಕಿದ ಅವರೆಬೇಳೆ ಸಾರು, ಅನ್ನ, ಪಲ್ಯ, ಪಾಯಸ ಎಂದು ಮಾತಾಗಿತ್ತು. ಪಾತ್ರೆಗಳನ್ನು ಸಾಹುಕಾರರ ಮನೆಯಿಂದಲೇ ತಂದಿದ್ದೆವು, ಯಾರೂ ಮಾತಾಡಬಾರದೆಂದು. ಹೊರಗೆ ಕಲ್ಲು ಹೂಡಿ ಒಲೆ ಮಾಡಲು ಹೊರಟಾಗ ಮೇಸ್ತ್ರಿ ಬಂದ.

“ವಳಗ ಇಷ್ಟ್ ದೊಡ್ಡ ಒಲೆ ಇಟ್ಕಂಡು ವರಗ ಯಾಕ ಹೊಗೆ ಕುಡೀತೀರಿ?”

ಅವನು ಹೇಳಿದ್ದು ಗೂಡು ಬೇಯಿಸುತ್ತಿದ್ದ ಇಟ್ಟಿಗೆಯ ಒಲೆ. ಹಂಡೆ ಕಿತ್ತಿದ್ದರೂ ಒಲೆ ಹಾಗೆಯೇ ಇತ್ತು. ಬಾಯಿ ಅಗಲ, ಚಿಮಣಿಗೆ ದಾರಿ ಇದೆ, ದೊಡ್ಡ ಪಾತ್ರೆ ಅಳತೆ ಮಾಡಿಸಿದಂತೆ ಕೂರುತ್ತದೆ. ಸುಣ್ಣ ಬಳಿದು ಅದರ ಮುಂದೆ ರಂಗೋಲಿ ಬೇರೆ ಹಾಕಿದ್ದೆವು. ಹದಿನೈದು ಜನರಲ್ಲಿ ಒಬ್ಬಳಿಗೂ ಬೇಡ ಎನ್ನಲು ತೋಚಲಿಲ್ಲ. ಹನ್ನೆರಡು ವರ್ಷ ಬೆಳಗಾದರೆ ಆ ಒಲೆ ಉರಿಯುವುದನ್ನು ನೋಡಿದವರು ನಾವು. ಬೇಯಿಸುವುದು ಎಂದರೆ ಅಲ್ಲೇ. ಉಕ್ಕಿ ಚೆಲ್ಲಿದ ಗೂಡಿನ ನೀರನ್ನು ಆ ಇಟ್ಟಿಗೆಗಳು ಅಷ್ಟೂ ವರ್ಷ ಕುಡಿದಿವೆ, ತಣ್ಣಗಿರುವಾಗ ಸುಮ್ಮನಿದ್ದದ್ದು ಕಾದರೆ ಸುಮ್ಮನಿರುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸೌದೆ ತುಂಬಿದೆವು. ಚೆನ್ನಾಗಿ ಉರಿಯಿತು. ಒಲೆ ಎಷ್ಟು ಚೆನ್ನಾಗಿ ಎಳೆಯುತ್ತದೆ ಎಂದು ಹೊಗಳಿಕೊಂಡೆವು.

ಹತ್ತರ ಬಸ್ಸಿಗೆ ತಂಗಿ ಬಂದಳು, ಹೊಸ ಸೀರೆ ಉಟ್ಟು. ಹೊಸಲು ದಾಟಲಿಲ್ಲ.

“ಅಕ್ಕೋ! ಏನ್ ಮಾಡುದ್ರಿ?”

“ಏನ್ ಮಾಡುದ್ವಿ? ಪಾಯಸ.”

“ಪಾಯಸ ಅಲ್ಲ ಕಣೇ! ಹದ್ನಾರಾಣೆ ವಾಪಸ್ ಬಂದದೆ! ಹದ್ನಾರಲ್ಲ, ಇಪ್ಪತ್ತಾಣೆ ಅದೆ!”

ಮೊದಲು ನಾವು ನಂಬಲಿಲ್ಲ. ಊಟ ನಿಲ್ಲಿಸಿದ ಸಿಟ್ಟಿಗೆ ಹೇಳುತ್ತಿದ್ದಾಳೆ ಎಂದೂ ಒಬ್ಬಳು ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದ ಮೇಲೆ ನಂಬಿದೆವು. ಅನ್ನ ಅರ್ಧ ಬೆಂದಿತ್ತು, ಒಲೆ ಆರಿಸುವಂತಿಲ್ಲ. ಆರಿಸಿದರೂ ಇಟ್ಟಿಗೆ ತಣ್ಣಗಾಗಲು ಸಂಜೆಯಾಗಬೇಕು. ಸಾಂಬ್ರಾಣಿ ಹಾಕಿದೆವು.

“ಈಗೆಂಗದೆ?”

“ಈಗ ಉಳ ಸಾಂಬ್ರಾಣಿ ಆಕ್ಕಂಡ್ ಕುಂತದೆ.”

ಮೇಸ್ತ್ರಿ ಒಂದು ಕಂಬಕ್ಕೆ ಒರಗಿ ಕೂತುಬಿಟ್ಟ. ನನಗೆ ಅವನನ್ನು ಬೈಯಲೂ ಬಾಯಿ ಬರಲಿಲ್ಲ, ಸೌದೆ ತುಂಬಿದವಳು ನಾನೇ. ಒಂದೂವರೆ ತಿಂಗಳು ನೆಲ ಅಗೆದ ಹದಿನೈದು ಹೆಂಗಸರು ಸಾಲಾಗಿ ನಿಂತು ಬೀದಿಯ ತುದಿ ನೋಡುತ್ತಿದ್ದರು. ಜಟಕಾ ಆಗಲೇ ತಿರುವಿಗೆ ಬಂದಿತ್ತು.

ಸಾಹುಕಾರರು ಮೊದಲು ಇಳಿದರು. ಬಾಗಿಲ ಹತ್ತಿರ ಬಂದವರೇ ಜೇಬಿಗೆ ಕೈ ಹಾಕಿದರು, ಕರವಸ್ತ್ರ ಮೇಲೆ ಬಂತು, ಮೀಸೆ ಮರೆಯಾಯಿತು. ಬೆಲ್ಲದ ಮೂಟೆಗಳು ಒಳಗೆ ಬಂದು ಕೂರುವುದು ನನ್ನ ಕಣ್ಣಿಗೆ ಕಂಡಿತು. ಅವರ ಹಿಂದೆ ಇಬ್ಬರು ನೆಂಟರು, ಅವರೂ ಅಲ್ಲೇ ನಿಂತರು. ದೊಡ್ಡವ್ವ ಇಳಿದು, ಅವರೆಲ್ಲರನ್ನೂ ದಾಟಿ ಒಳಗೆ ಬಂದರು. ಸುತ್ತ ನೋಡಿದರು. ನಾವು ಹೊರಗಿನಿಂದ ತಂದಿಟ್ಟಿದ್ದ ಮಣೆ ಬಿಟ್ಟು, ಒಲೆಗೆ ಹತ್ತಿರವಾಗಿದ್ದ ಎಲೆಯ ಮುಂದೆ ಚಾಪೆಯಲ್ಲಿ ಕೂತರು.

“ಅವ್ವ, ಬೇಡ ಬನ್ನಿ. ಹೇಳಿರ್ಲಿಲ್ವಾ ನಾನು,” ಎಂದರು ಸಾಹುಕಾರರು ಬಟ್ಟೆಯೊಳಗಿಂದ.

“ಯಾಕ್ಲಾ?”

“ವಾಸ್ನೆ.”

“ಯಾವ ವಾಸ್ನೆ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಮ್ಮ ಮಾತು. ಮರ್ಯಾದೆಗೆ ಹೇಳುತ್ತಿದ್ದಾರೆ, ದೊಡ್ಡ ಮನಸ್ಸು ಎಂದು ನಾನು ಅಂದುಕೊಂಡೆ.

“ಬಾ, ಕುಂತ್ಕ. ನೀವೂ ಬನ್ನಿ. ಮೂಗ್ನಲ್ಲಿ ಉಂಡರಾ ಯಾರಾರ?” ಎಂದರು ದೊಡ್ಡವ್ವ. ಸಾಹುಕಾರರೂ ನೆಂಟರೂ ಬಂದು ಕೂತರು, ಬಾಯಲ್ಲಿ ಉಸಿರಾಡುತ್ತಾ.

ನಾನು ಅನ್ನ ಬಡಿಸಿದೆ. ಒಲೆಯಿಂದ ಇಳಿಸಿದ್ದು ಆಗತಾನೇ, ಹಬೆ ಮುಖಕ್ಕೆ ಹೊಡೆಯುತ್ತಿತ್ತು. ನೆಂಟರು ಒಂದು ಬೆರಳು ತಾಗಿಸಿ ಹಿಂದೆ ಎಳೆದುಕೊಂಡರು. ಸಾಹುಕಾರರು ಕರವಸ್ತ್ರದಿಂದ ಅನ್ನಕ್ಕೆ ಗಾಳಿ ಹಾಕಿದರು. ದೊಡ್ಡವ್ವ ಐದೂ ಬೆರಳನ್ನು ನೇರ ಅನ್ನಕ್ಕೆ ಹಾಕಿ, ಗುಡ್ಡೆ ಒಡೆದು, ಸಾರಿಗೆ ಗುಳಿ ಮಾಡಿಕೊಂಡರು.

ನನ್ನ ಸೌಟು ಅಲ್ಲೇ ನಿಂತಿತು.

“ಏನೇ ನೋಡ್ತ ನಿಂತ್ಕಂಡೆ? ಸಾರ್ ಬುಡು.”

ಬಿಟ್ಟೆ. ಕುದಿಯುತ್ತಿದ್ದ ಸಾರು. ಅವರ ಕೈ ಎಲೆಯಲ್ಲೇ ಇತ್ತು. ಕಲಸಿದರು, ಉಂಡೆ ಮಾಡಿದರು, ಬಾಯಿಗೆ ಹಾಕಿಕೊಂಡರು.

ಹಿಂದೆ ನಿಂತಿದ್ದ ತಂಗಿ ನನ್ನ ಸೆರಗು ಎಳೆದಳು. “ಅಕ್ಕಾ, ಅವ್ವೋರ್ ಕೈ ಸುಟ್ಟೋಯ್ತದೆ ಕಣೇ. ಒಸಿ ಆರ್ಸಿ ಆಕು.”

“ಸುಮ್ಕಿರು,” ಎಂದೆ.

ಹಾಗೆ ಉಣ್ಣುವವರು ಲೋಕದಲ್ಲಿ ಒಂದೇ ಜಾತಿ. ಹದಿನೈದು ಹೆಂಗಸರೂ ನೋಡಿದರು, ಹದಿನೈದು ಜನಕ್ಕೂ ಒಂದೇ ಸಲ ಗೊತ್ತಾಯಿತು. ಮೇಸ್ತ್ರಿ ಕಂಬದಿಂದ ಎದ್ದು ನಿಂತ. ನಮ್ಮ ಬೀದಿಯವರು ಹದಿನೈದು ಜನ ಸೇರಿ ಮಾತಾಡದೆ ಇದ್ದದ್ದು ಅದೊಂದೇ ಸಲ. ಸಾಹುಕಾರರಿಗೆ ಗೊತ್ತಿತ್ತೋ ಇಲ್ಲವೋ, ಅವರು ಗಾಳಿ ಹಾಕುವುದರಲ್ಲೇ ಇದ್ದರು.

ದೊಡ್ಡವ್ವ ಎರಡು ಸಲ ಅನ್ನ ಹಾಕಿಸಿಕೊಂಡರು. ಪಾಯಸ ಮುಗಿಸಿದರು. ಎಲೆಯಲ್ಲಿ ಒಂದು ಅಗುಳು ಬಿಡಲಿಲ್ಲ. ಪಾಯಸಕ್ಕೆ ಬೆಲ್ಲ ಜಾಸ್ತಿ ಆಗಿದೆ ಎಂದು ಬೈದರು.

ಹಿಂದಿನ ಅಂಗಳದಲ್ಲಿ ಕೈ ತೊಳೆಯಲು ನೀರು ಹಾಕಿದವಳು ನಾನು. ಆಗ ಹತ್ತಿರದಿಂದ ನೋಡಿದೆ. ಬೆರಳ ತುದಿಗಳು ಬಿಳುಪಾಗಿ ನುಣ್ಣಗಿದ್ದವು, ಗೆರೆಯೇ ಇಲ್ಲದಂತೆ. ನನ್ನವೂ ಹಾಗೆಯೇ ಇವೆ.

“ಎಷ್ಟ್ ವರ್ಸ ಕುಂತಿದ್ದೆ?” ಎಂದು ಕೇಳಿದರು.

“ಹನ್ನೆರಡು ಕಣ್ರವ್ವ.”

“ನಿಮ್ಗ ಚಿಮಣಿ ಇತ್ತು,” ಎಂದರು. “ಚರಕದ ಮುಂದ ಕುಂತ್ರ ಹೊಗೆಯೆಲ್ಲ ಕಣ್ಗೇ ಬರದು.”

ನನಗೆ ಅಷ್ಟು ಸಾಕಾಯಿತು. ಅಗರದ ದೊಡ್ಡ ಒಕ್ಕಲು ಮನೆ ಎಂದರೆ ಹಿತ್ತಲಲ್ಲಿ ಎರಡು ಚರಕ ಇದ್ದ ಮನೆ, ಅದರ ಮುಂದೆ ಹರೆಯವೆಲ್ಲ ಸುಡುನೀರಲ್ಲಿ ಕೈಯಿಟ್ಟು ಕೂತಿದ್ದ ಹೆಂಗಸು ಇವರು. ಕಾರ್ಖಾನೆಗೆ ಅವರು ಕಾಲಿಡದೆ ಇದ್ದದ್ದು ಹುಳದ ಪಾಪಕ್ಕೆ ಹೆದರಿ ಎಂದು ಊರು ನಂಬಿತ್ತು. ನನಗನ್ನಿಸುವುದು, ಅವರು ಹೆದರಿದ್ದು ನಮಗೆ. ಬೇರೆ ಯಾರ ಕಣ್ಣಿಗೂ ಆ ಬೆರಳು ಏನೂ ಹೇಳುತ್ತಿರಲಿಲ್ಲ. ಈಗ ಅವರಿಲ್ಲ, ಸಾಹುಕಾರರಿಲ್ಲ, ಬಸ್ಸೂ ಇಲ್ಲ. ಬರೆದರೆ ಯಾರಿಗೂ ನಷ್ಟವಿಲ್ಲ ಎಂದು ಬರೆದೆ. ನಾನು ಅಕ್ಷರ ಕಲಿತದ್ದು ಅದೇ ಛತ್ರದಲ್ಲಿ, ಮಧ್ಯಾಹ್ನ ಹೆಂಗಸರಿಗೆ ಟೀಚರಮ್ಮ ಬಂದು ಹೇಳಿಕೊಡುತ್ತಿದ್ದಾಗ. ಟೀಚರಮ್ಮ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ಬೆಳಕು ಬೇಕು ಎನ್ನುತ್ತಿದ್ದರು.

ಅಲ್ಲಿ ಮದುವೆಗಳಾದವು, ನಾಮಕರಣಗಳಾದವು, ಮೇಸ್ತ್ರಿಯ ತಿಥಿಯೂ ಆಯಿತು. ಅವತ್ತು ಕಾದ ಒಲೆ ಬಿಟ್ಟ ವಾಸನೆ ಆಮೇಲೆ ಪೂರ್ತಿ ಹೋಗಲೇ ಇಲ್ಲವಂತೆ. ಬೇಸಿಗೆಯಲ್ಲಿ ಎಲ್ಲರೂ ಹಪ್ಪಳ ಒತ್ತಲು ಅಲ್ಲೇ ಸೇರುತ್ತೇವೆ. ಎತ್ತಿಗೆ ದಾರಿ ಬಿಡಲು ಎಲೆ ಎತ್ತಿಕೊಂಡು ನಿಲ್ಲುವ ಕಷ್ಟ ತಪ್ಪಿತು.

ಅವತ್ತು ಜಟಕಾ ಹತ್ತುವ ಮುಂಚೆ ದೊಡ್ಡವ್ವ ಮಗನ ಕಡೆ ತಿರುಗಿದರು.

“ಬೀಗದ ಕೈ ಇವಳ್ದೇ ಅಂತ ಯೋಳ್ಬುಡು.”

“ಅಲ್ಲವ್ವ, ಆ ವಾಸ್ನೇಲಿ...”

“ಒಂದೆಲೆ ಉಂಡೆ. ಮಾತು ಅಂದ್ರ ಮಾತು ಕಣ್ಲಾ.”

ಸಾಹುಕಾರರು ನನ್ನ ಕಡೆ ನೋಡಿ ಆಗಲಿ ಎಂದು ತಲೆಯಾಡಿಸಿದರು. ಬಟ್ಟೆ ಮೂಗಿನ ಮೇಲೆಯೇ ಇತ್ತು, ಆದ್ದರಿಂದ ನಕ್ಕರೋ ಮುನಿದರೋ ಗೊತ್ತಾಗಲಿಲ್ಲ. ಅವರು ಅತ್ತ ಹೋದಮೇಲೆ ದೊಡ್ಡವ್ವ ನನ್ನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಹೇಳಿದರು:

“ಇನ್ ಮ್ಯಾಲ ಒಲೆ ವರಗ ಹೂಡ್ಕಳಿ. ನಮ್ಗೇನೋ ಸರಿ. ಮೂಗಿರೋರೂ ಬತ್ತಾರಲ್ಲ.”

ಮಾರನೆಯ ದಿನವೇ ಹಿಂದಿನ ಅಂಗಳದಲ್ಲಿ ಮೂರು ಕಲ್ಲು ಹೂಡಿದೆವು.